ಮುಟ್ಟದೇ ಕೆಟ್ಟ ಪ್ರೋಗ್ರಾಂ

"ನನ್ನ ಪ್ರೋಗ್ರಾಂಗೆ ಕೈ ಹಚ್ಚಿದವರು ಯಾರ್ರಿ?"

ನಾಗವೇಣಿಯ ದನಿಗೆ ನವಿ ಮುಂಬಯಿ ಐರೋಲಿಯ ಆ ಪುಟ್ಟ ಆಫೀಸಿನವರೆಲ್ಲ ತಿರುಗಿ ನೋಡಿದರು. ನಿನ್ನೆ ಸಂಜೆ ಚೆನ್ನಾಗಿ ಓಡಿದ್ದ ಸಿ ಭಾಷೆಯ ಪ್ರೋಗ್ರಾಂ ಇವತ್ತು ಸಾಹೇಬರ ಎದುರೇ ಕೈಕೊಟ್ಟಿತ್ತು! ಅವಳು ಒಂದಕ್ಷರವನ್ನೂ ಬದಲಿಸಿರಲಿಲ್ಲ. ಹಾಗಾದರೆ ಹೇಗೆ...?

ಟ್ರೇನಿಗಳು ಇಬ್ಬರು, ಖಾಯಂ ಕೆಲಸ ಒಂದೇ; ಇವತ್ತಿನ ಪ್ರೋಗ್ರಾಂ ನೋಡಿ ಸಾಹೇಬರು ಕೊಡುವುದಿತ್ತು. ಒಬ್ಬಳು ಅವಳು, ಇನ್ನೊಬ್ಬ ಪಕ್ಕದ ಕುರ್ಚಿಯ ವಿಶ್ರುತ, ಡೊಂಬಿವಲಿಯ ಉಡುಪಿ ಹೋಟೆಲಿನವರ ಮಗ. ದಿನಾ ತನ್ನ ಡಬ್ಬಿಯ ನೀರುದೋಸೆಯಲ್ಲಿ ಅರ್ಧ ಅವಳಿಗೇ ಕೊಡುವವನು.

"ನಿಮ್ಮ ಪ್ರೋಗ್ರಾಂ ನಾನು ಮುಟ್ಟಲಿಲ್ಲ ಮಾರಾಯ್ರೇ..." ಎಂದ. ಮುಖ ಬಿಳುಚಿಕೊಂಡಿತ್ತು. "ಆದರೆ ತಪ್ಪು ನನ್ನದೇ."

ಮುಟ್ಟಿಲ್ಲವಂತೆ, ತಪ್ಪು ಮಾತ್ರ ಅವನದಂತೆ! ನಾಗವೇಣಿಗೆ ತಲೆಬುಡ ತಿಳಿಯಲಿಲ್ಲ.

"ಫೈಲ್ ಓದುವ ಕೋಡ್ ನಿಮ್ಮ ಪ್ರೋಗ್ರಾಂ ಒಳಗೆ ಇಲ್ಲ," ವಿಶ್ರುತ ಸ್ಕ್ರೀನ್ ತೋರಿಸಿದ. "ಅದು ಇರುವುದು ಶೇರ್ಡ್ ಲೈಬ್ರರಿಯಲ್ಲಿ. ನಮಗೆಲ್ಲ ಸೇರಿ ಒಂದೇ ಫೈಲ್. ಪ್ರೋಗ್ರಾಂ ಶುರುವಾಗುವಾಗ ಅದನ್ನು ಹುಡುಕಿ ಜೋಡಿಸಿಕೊಳ್ತದೆ. ಬೆಳಿಗ್ಗೆ ನನ್ನ ಕೆಲಸಕ್ಕೆ ಬೇಕಂತ ಅದನ್ನು ಬದಲಿಸಿದೆ. ಒಂದು ಫಂಕ್ಷನ್‌ಗೆ ಮೊದಲು ಎರಡು ಸಂಖ್ಯೆ ಕೊಟ್ಟರೆ ಸಾಕಿತ್ತು, ಈಗ ಮೂರು ಬೇಕು. ನಿಮ್ಮ ಪ್ರೋಗ್ರಾಂ ಎರಡೇ ಕೊಡ್ತದೆ. ಹೊಸದಕ್ಕೆ ಬೇರೆ ವರ್ಷನ್ ನಂಬರ್ ಹಾಕಿ ಹಳೆಯದನ್ನೂ ಉಳಿಸಬೇಕಿತ್ತು... ಹಳೆಯದರ ಮೇಲೇ ಹಾಕಿಬಿಟ್ಟೆ."

"ಬೇಕಂತ ಮಾಡೀರಿ! ಕೆಲಸದ ಆಸೆಗೆ!"

ಅವಳು ಬ್ಯಾಗೆತ್ತಿಕೊಂಡು ಹೊರಟೇಬಿಟ್ಟಳು.

ಐರೋಲಿ ಸ್ಟೇಷನ್ನಿನಲ್ಲಿ ಸಾಹೇಬರ ಫೋನ್ ಬಂತು. ವಿಶ್ರುತ ತಾನೇ ಬಂದು ಒಪ್ಪಿಕೊಂಡನಂತೆ. ಹಳೇ ಲೈಬ್ರರಿ ವಾಪಸ್ ಹಾಕಿದ ಮೇಲೆ ಅವಳ ಪ್ರೋಗ್ರಾಂ ಸರಿಯಾಗಿ ಓಡಿತಂತೆ. ಖಾಯಂ ಕೆಲಸ ಅವಳಿಗೇ!

ಕುಣಿದಾಡಬೇಕಿತ್ತು. ಕಣ್ಣೇಕೆ ತುಂಬಿಬಂತು? 'ಇಂಥವನಿಗೆ ಏನೆಲ್ಲ ಅಂದುಬಿಟ್ಟೆ...'

ಅಷ್ಟರಲ್ಲಿ ವಿಶ್ರುತ ತಲೆ ತಗ್ಗಿಸಿ ಪ್ಲಾಟ್‌ಫಾರ್ಮಿಗೆ ಬಂದ. ಠಾಣೆ ಕಡೆಗೆ ಹೋಗುವ ಲೋಕಲ್ ರೈಲು ಬಂದು ನಿಂತು ಹೊರಟಿತು. ಅವಳು ಹತ್ತಲಿಲ್ಲ.

"ನನ್ನ ಸಲುವಾಗಿ ಕೆಲಸ ಬಿಟ್ಟುಕೊಟ್ರೇನು?"

"ಇಲ್ಲ. ತಪ್ಪು ಮಾಡಿದ್ದೆ, ಹೇಳಿದೆ. ನಿಮ್ಮ ಜಾಗದಲ್ಲಿ ಯಾರಿದ್ದರೂ ಹೇಳ್ತಿದ್ದೆ. ಅದನ್ನು ಪ್ರೀತಿ ಅಂತ ತಿಳ್ಕೊಳ್ಬೇಡಿ."

ಅವಳ ಮುಖ ಬಾಡಿತು. "ಹಂಗಾದ್ರ... ಪ್ರೀತಿ ಇಲ್ಲೇನು?"

"ಅಯ್ಯೋ, ಉಂಟು!" ಅವನು ತಬ್ಬಿಬ್ಬಾದ. "ಅದು ಬೇರೆ... ಅದು ಮೊದಲಿಂದಲೂ ಉಂಟು."

ನಾಗವೇಣಿ ಅಳುತ್ತಲೇ ನಕ್ಕಳು. "ತಪ್ಪಾತ್ರಿ... ಸಿಟ್ಟದ ಏನು ನನ್ನ ಮ್ಯಾಲೆ?"

"ಸ್ವಲ್ಪ ಉಂಟು. ಡೊಂಬಿವಲಿ ತನಕ ಇರ್ತದೆ."

"ಹಂಗಾದ್ರ ಇವತ್ತ ಲೇಡೀಸ್ ಡಬ್ಬಾ ಬಿಟ್ಟು ನಿಮ್ಮ ಜೋಡಿ ಬರ್ತೀನಿ."

"ಜನರಲ್ ಡಬ್ಬಿಯಲ್ಲಿ ಭಾರೀ ಗರ್ದಿ, ನಿಲ್ಲಲಿಕ್ಕೂ ಜಾಗ ಇರುವುದಿಲ್ಲ ಮಾರಾಯ್ರೇ..."

"ಇರ್ಲಿ. ಕೈ ಹಿಡ್ಕೋರಿ."