ಹೆಚ್ಚಾದ ಬೆಳಕು

"ನನ್ನ ಹೇಂತೀನ ಕೊಂದಾವನ್ನ ಪುರಾವೆ ಸಮೇತ ಹುಡುಕಿ ಕೊಡ್ರಿ, ಅಕ್ಕಾರ," ಎನ್ನುತ್ತ ಸಂಜೀವಕುಮಾರ ಪತ್ತೇದಾರಿಣಿ ವಿದ್ಯಾವತಿಯವರ ಬಾಗೇವಾಡಿಯ ಮನೆಕಟ್ಟೆಯ ಮೇಲೆ ಕುಸಿದ. ಅವರ ಸಹಾಯಕ ಸಿದ್ದಲಿಂಗನಿಗೆ ಅವನು ಶಾಲೆಯ ಗೆಳೆಯ. ಸಿದ್ದಲಿಂಗ ಓಡಿಹೋಗಿ ನೀರು ತಂದುಕೊಟ್ಟ.

ಮುದ್ದೇಬಿಹಾಳದ ಆಸ್ಪತ್ರೆಯಲ್ಲಿ ಅವನ ಹೆಂಡತಿ ಪ್ರಜ್ಞಾಳಿಗೆ ಹೆರಿಗೆ ಕಷ್ಟವಾಗಿತ್ತು. ದೂರದೂರಿನ ತಜ್ಞರು ವಿಡಿಯೋದಲ್ಲಿ ನೋಡಿ ದಾರಿ ಹೇಳುತ್ತಿದ್ದಾಗಲೇ ಪರದೆ ಕಪ್ಪಾಯಿತು. ತಾಯಿಯೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ. ಅದೇ ಹೊತ್ತಿಗೆ ರಸ್ತೆ ಬದಿ ಅಗೆಯುತ್ತಿದ್ದ ಜೆಸಿಬಿ ಚಾಲಕ ಪರಪ್ಪನನ್ನು ಪೊಲೀಸರು ಠಾಣೆಗೆ ಎಳೆದೊಯ್ದಿದ್ದರು. ಆಸ್ಪತ್ರೆಗೆ ವಿಡಿಯೋ ತರುವ ಕೇಬಲ್ಲಿನ ಕೊಳವೆ ಅಲ್ಲಿ ಒಡೆದಿತ್ತು. ಅವನೇ ಕೊಲೆಗಾರನೆನ್ನಲು ಊರಿನ ಬಾಯಿಗೂ ಸಂಜೀವಕುಮಾರನಿಗೂ ಅಷ್ಟೇ ಸಾಕಾಗಿತ್ತು.

ವಿದ್ಯಾವತಿ ಮೊದಲು ಆ ತಗ್ಗಿಗಿಳಿದರು. ಕೊಳವೆ ಒಡೆದಿದ್ದರೂ ಒಳಗೆ ಚಿತ್ರವನ್ನು ಬೆಳಕಾಗಿ ಸಾಗಿಸುವ ಗಾಜಿನೆಳೆಗೆ ಏನೂ ಆಗಿರಲಿಲ್ಲ. ಆಸ್ಪತ್ರೆಯಲ್ಲಿ ಆ ಬೆಳಕನ್ನು ಹಿಡಿದು ಮತ್ತೆ ಚಿತ್ರವಾಗಿಸುವ ಪೆಟ್ಟಿಗೆ ಮಾತ್ರ ಸುಟ್ಟಿತ್ತು.

"ಮೊದಲ ಚಿತ್ರ ಒಡದೊಡದು ಬರ್ತಿತ್ರಿ," ಎಂದಳು ನರ್ಸ್ ಅಬಿದಾ. "ಆಮ್ಯಾಲ ನಿಚ್ಚಳ ಆತು. ಚೂರು ಹೊತ್ತಿಗೇ ಕಪ್ಪಾತ್ರಿ."

ದಾರಿಯಲ್ಲಿ ಬೆಳಕಿಗೆ ಬಲ ತುಂಬುವ ಆಂಪ್ಲಿಫೈಯರ್ ಇದ್ದದ್ದು ಹೂವಿನ ಹಿಪ್ಪರಗಿಯಲ್ಲಿ. ಅದನ್ನು ನೋಡಿಕೊಳ್ಳುತ್ತಿದ್ದವನು ಸಂಜೀವಕುಮಾರನೇ. ಅಲ್ಲಿ ಒಂದು ಸ್ವಿಚ್ ಬಂದ್ ಆಗಿತ್ತು. ಅದನ್ನು ಕಂಡ ವಿದ್ಯಾವತಿಯವರ ಮುಖ ನೋಡಿ ಸಿದ್ದಲಿಂಗ ಬಾಗಿಲಿಗೆ ಅಡ್ಡ ನಿಂತ.

"ಇದನ್ನ ಇಲ್ಲಿಗೇ ಬಿಡೂಣ್ರಿ, ಅಕ್ಕಾರ."

"ಹಂಗಾದ್ರ ಪರಪ್ಪನ್ನ ಜೇಲಿಗೆ ಕಳಿಸೂಣೇನು?"

ಸಂಜೆ ಎಲ್ಲರೂ ಠಾಣೆಯಲ್ಲಿ ಸೇರಿದರು.

"ಕೇಬಲ್ ಕಡದ್ರ ಬೆಳಕು ಇಲ್ಲದಾಗತೈತಿ," ವಿದ್ಯಾವತಿ ಶುರುಮಾಡಿದರು. "ಚಿತ್ರ ನಿಚ್ಚಳ ಆಗೂದಿಲ್ಲ, ಪೆಟಗಿ ಸುಡೂದೂ ಇಲ್ಲ. ಇಲ್ಲಿ ಬೆಳಕು ಹೆಚ್ಚಾಗಿ ಪೆಟಗಿ ಸುಟ್ಟೈತಿ. ಒಂದ ಎಳಿಯೊಳಗ ಬ್ಯಾರೆ ಬ್ಯಾರೆ ಮಂದೀದು ಹತ್ತಾರು ಬೆಳಕು ಹೋಗ್ತಾವು. ಆಂಪ್ಲಿಫೈಯರ್ ತನ್ನ ಬಲ ಎಲ್ಲಾಕ್ಕೂ ಹಂಚತೈತಿ. ಉಳದವನ್ನ ಆರಿಸಿದ್ರ ಆ ಬಲ ಇದ್ದ ಒಂದಕ್ಕ ಹೋಗತೈತಿ. ಅದನ್ನ ತಡ್ಯಾಕ ತಾನ ನಡಿಯೋ ನಿಯಂತ್ರಣ ಐತಿ. ಅದರ ಸ್ವಿಚ್ ಯಾರೋ ಬಂದ್ ಮಾಡ್ಯಾರ. ಆ ಖೋಲಿ ಕೀಲಿ ನಿನ್ನ ಹಂತ್ಯಾಕ ಅಷ್ಟ ಐತಿ, ಸಂಜೀವ."

ಸಂಜೀವಕುಮಾರ ಕಿಸೆಯಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟ.

"ಚಿತ್ರ ಒಡ್ಯಾಕತ್ತೈತಿ ಅಂತ ಅಬಿದಾ ಫೋನ್ ಮಾಡಿದ್ಲ್ರಿ. ಪ್ರಜ್ಞಾಗ ಬೆಳಕು ಜಾಸ್ತಿ ಸಿಗಲಿ ಅಂತ ಆ ಸ್ವಿಚ್ ಬಂದ್ ಮಾಡಿ ಉಳದವನ್ನ ಒಂದೊಂದ ಆರಿಸಿದ್ನಿ. ಅಷ್ಟರಾಗ ಪರಪ್ಪ ಕೇಬಲ್ ಕಡದಾನಂತ ತಿಳದಿದ್ನಿರಿ."

ಅವನು ಅಬಿದಾಳ ಕಡೆ ತಿರುಗಿದ.

"ನಿಚ್ಚಳ ಆಗಿತ್ತು ಅಂದ್ಯಲ್ಲವಾ. ನಾ ಆವಾಗ ಆರಿಸೂದ ಬಿಟ್ಟು ಕೈ ತಗದಿದ್ರ ಸಾಕಾಗ್ತಿತ್ತೇನು?"

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಉತ್ತರ ಕೊಟ್ಟವರು ವಿದ್ಯಾವತಿ. "ಸಾಕಾಗ್ತಿತ್ತು, ತಮ್ಮಾ."

ಸಿದ್ದಲಿಂಗ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟ. ಬಿಡುಗಡೆಯಾದ ಪರಪ್ಪ ಬಾಗಿಲತನಕ ಹೋದವನು ತಿರುಗಿ ಬಂದು, ತನ್ನನ್ನು ಕೊಲೆಗಾರನೆಂದವನ ಪಕ್ಕದಲ್ಲೇ ನೆಲದ ಮೇಲೆ ಕುಳಿತು ಅವನ ಕೈ ಹಿಡಿದುಕೊಂಡ.