ಕೇಳಾಂಗಿಲ್ಲ ಅಂದ ವಕೀಲ

"ಇದನ್ನ ಬರದಾವ್ರು ಯಾರ್ರಿ?"

ಗೋಕಾಕದ ಕೋರ್ಟಿನ ಎದುರಿಗೆ ವಕೀಲ ರಾಯಪ್ಪನವರ ಆಫೀಸು. ಅದರ ಬಾಗಿಲಲ್ಲಿ ನಿಂತು ನೇತ್ರಾ ಕೇಳಿದಳು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಅಪಘಾತ ಪರಿಹಾರದ ಅರ್ಜಿ. ಸಿಟ್ಟಿಗೆ ಮೂಗಿನ ತುದಿ ಕೆಂಪಾಗಿತ್ತು.

ಟೈಪ್ ಮಾಡುತ್ತಿದ್ದ ಜೂನಿಯರ್ ವಕೀಲ ಬಾಳೇಶ ಎದ್ದು ನಿಂತ. "ನಾನ ರೀ... ಏನರ ತಪ್ಪಾಗೇತೇನ್ರಿ?"

"'ಕಾಲು ಊನವಾಗಿರುವುದರಿಂದ ಅರ್ಜಿದಾರಳನ್ನು ಮದುವೆಯಾಗಲು ಯಾರೂ ಮುಂದೆ ಬರುವುದಿಲ್ಲ.' ನೀವ ಬರದದ್ದು?"

"ಹೌದ್ರಿ."

"ಯಾರೂ ಬರೂದಿಲ್ಲ ಅಂತ ನಿಮಗ ಯಾರು ಹೇಳಿದ್ರು? ಊರೂರು ತಿರುಗಿ ಕೇಳಿ ಬಂದ್ರೇನು?"

ಪಾಪ, ಬಾಳೇಶ ಏನು ಹೇಳಿಯಾನು! ಅಪಘಾತದಲ್ಲಿ ಊನವಾದ ಹುಡುಗಿ, ಮದುವೆಯ ಅವಕಾಶ ತಪ್ಪಿತೆಂದು ಅದಕ್ಕೂ ಪರಿಹಾರ ಕೇಳಬಹುದು. ಹಾಗೆ ಕೇಳಬೇಕಾದರೆ ಆ ಸಾಲು ಅರ್ಜಿಯಲ್ಲಿ ಬೇಕು. ಎಷ್ಟೋ ಅರ್ಜಿಗಳಲ್ಲಿ ಅವನು ಅದನ್ನು ಕಣ್ಣು ಮುಚ್ಚಿ ಟೈಪ್ ಮಾಡಿದ್ದ. ಆ ಸಾಲಿನ ಹುಡುಗಿಯೇ ಎದುರು ಬಂದು ನಿಂತದ್ದು ಇದೇ ಮೊದಲು.

"ಮೊದ್ಲ ಕುಂದರ್ರಿ," ಎಂದು ಕುರ್ಚಿ ಸರಿಸಿದ. "ಕಾಲು ನೋಯಾಕತ್ತಿರಬೇಕು."

ಜಗಳಕ್ಕೆಂದೇ ಬಂದವಳು ಕುಳಿತುಬಿಟ್ಟಳು. ನೋಯುತ್ತಿತ್ತಲ್ಲ, ಏನು ಮಾಡುವುದು?

ನೇತ್ರಾ ಕಲ್ಲೋಳಿಯವಳು, ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಗೋಕಾಕದಿಂದ ಬಟ್ಟೆ ತರುವಾಗ ಹಿಂದಿನಿಂದ ಬಂದ ಟೆಂಪೋ ಅವಳ ಸ್ಕೂಟಿಗೆ ಗುದ್ದಿತ್ತು. ಎಡತೊಡೆಯಲ್ಲಿ ರಾಡು ಕೂತಿತು, ಕಾಲು ಗಿಡ್ಡಾಯಿತು. ನಿಶ್ಚಯವಾಗಿದ್ದ ಮೂಡಲಗಿಯ ಹುಡುಗ ಆಸ್ಪತ್ರೆಗೆ ಒಮ್ಮೆ ಬಂದು ಬಾಳೆಹಣ್ಣು ಇಟ್ಟು ಹೋದ. ಆಮೇಲೆ ಫೋನೂ ಎತ್ತಲಿಲ್ಲ, ಪುಣ್ಯಾತ್ಮ. ರಾಡು ತೆಗೆಸಲು ಇನ್ನೊಂದು ಆಪರೇಷನ್ ಬಾಕಿ ಇತ್ತು. ಪರಿಹಾರ ಬೇಕೇ ಬೇಕಿತ್ತು.

"ಸಿಟ್ಟಾಗಬ್ಯಾಡ ತಂಗಿ," ಎಂದರು ರಾಯಪ್ಪನವರು. "ಸಾಕ್ಷಿಕಟ್ಟಿಗೆ ಹತ್ತಿದಾಗ ಇದೊಂದು ಮಾತು ಗಟ್ಟಿಯಾಗಿ ಹೇಳು. ಆಪರೇಷನ್ನಿಗೆ ಆಸರ ಆಗ್ತೈತಿ."

ದೇವರ ಮೇಲೆ ಆಣೆ ಮಾಡಿ, ನನ್ನನ್ನು ಯಾರೂ ಮದುವೆಯಾಗುವುದಿಲ್ಲ ಅಂತ ನಾನೇ ಹೇಳಬೇಕೇ? ಆ ಪ್ರಶ್ನೆ ಅವಳನ್ನು ಬಿಡಲಿಲ್ಲ.

ಕೋರ್ಟಿನ ತಾರೀಖುಗಳು ಒಂದಾದ ಮೇಲೊಂದು ಬಂದವು. ನೇತ್ರಾ ತಾಯಿ ಶಿವಗಂಗವ್ವನ ಜೊತೆ ಬಸ್ಸಿನಲ್ಲಿ ಬರುತ್ತಿದ್ದಳು. ಅವಳು ಬರುವಷ್ಟರಲ್ಲಿ ವರಾಂಡದ ನೆರಳಿನಲ್ಲಿ ಒಂದು ಕುರ್ಚಿ ಕಾದಿರುತ್ತಿತ್ತು. ಯಾರು ಇಟ್ಟದ್ದೆಂದು ಕೇಳಿದರೆ ಬಾಳೇಶ ಆಚೆ ನೋಡುತ್ತಿದ್ದ.

ಒಂದು ದಿನ ಅವನ ಕರಿಕೋಟಿನ ಅಸ್ತರು ಹರಿದು ಜೋತಾಡುತ್ತಿತ್ತು.

"ಹಿಂಗ ನ್ಯಾಯಾಧೀಶರ ಮುಂದ ನಿಂದರ್ತೀರೇನ್ರಿ? ಕೊಡ್ರಿ ಇಲ್ಲೆ."

"ಹೊಲಿಗಿ ಕೂಲಿ?"

"ಅರ್ಜಿದಾಗ ಆ ಸಾಲು ಬರದೀರಲ್ಲ, ಅದಕ್ಕ ದಂಡ ಹಾಕತೇನಿ. ಎರಡೂ ಕೂಡಿ ಕೊಡ್ರಿ."

ಅವನು ನಕ್ಕ. ಅವಳೂ ನಕ್ಕಳು. ಅಪಘಾತವಾದ ಮೇಲೆ ಮಗಳು ಹಾಗೆ ನಕ್ಕದ್ದನ್ನು ಶಿವಗಂಗವ್ವ ನೋಡಿಯೇ ಇರಲಿಲ್ಲ. ತಾಯಿಕರುಳು, ಸುಮ್ಮನಿದ್ದೀತೇ?

ಬಸ್ ಸ್ಟ್ಯಾಂಡಿನ ತನಕ ಬಿಡಲು ಬಂದ ಬಾಳೇಶನನ್ನು, ನೇತ್ರಾ ಸೀಟು ಹಿಡಿಯಲು ಹತ್ತಿದ ಹೊತ್ತು ನೋಡಿ, ಶಿವಗಂಗವ್ವ ಪಕ್ಕಕ್ಕೆ ಕರೆದಳು.

"ತಮ್ಮಾ, ನೀನೂ ನಮ್ಮ ಪೈಕಿನ ಇದ್ದಿ. ನಮ್ಮ ಹುಡುಗಿನ್ನ ಕೇಳ್ತೀಯೇನಪಾ?"

ಅವನ ಮುಖ ಬಿಳಚಿತು. "ಇಲ್ರಿ ಅವ್ವಾರ... ನಾ ಕೇಳಾಂಗಿಲ್ರಿ."

ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಶಿವಗಂಗವ್ವ ಕಣ್ಣೊರೆಸುತ್ತ ಬಸ್ಸು ಹತ್ತಿದಳು.

ನಮ್ಮ ಕಡೆಯ ಮಾತೇ ಹೀಗೆ ನೋಡಿ. 'ಕೇಳಾಂಗಿಲ್ಲ' ಎಂದರೆ ಕೇಳುವುದಿಲ್ಲ ಎಂದೂ ಆಗುತ್ತದೆ, ಕೇಳುವ ಹಾಗಿಲ್ಲ ಎಂದೂ ಆಗುತ್ತದೆ. ಒಂದರಲ್ಲಿ ಮನಸ್ಸಿಲ್ಲ, ಇನ್ನೊಂದರಲ್ಲಿ ದಾರಿಯಿಲ್ಲ. ತಾಯಿಗೆ ಮೊದಲನೆಯದೇ ಕೇಳಿಸಿತು. ಮನೆಗೆ ಬಂದು ಮಗಳಿಗೂ ಅದನ್ನೇ ಹೇಳಿದಳು.

"ಅಂವ ಕೇಳಾಂಗಿಲ್ಲಂತ, ಯವ್ವಾ."

"ನಿನಗ ಯಾರು ಹೇಳಿದ್ರು ಹೋಗಿ ಕೇಳಂತ?" ಎಂದು ನೇತ್ರಾ ರೇಗಿದಳು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು. ಅವನೂ ಕೊನೆಗೆ ನನ್ನ ಕಾಲನ್ನೇ ನೋಡಿದನಲ್ಲ... ಅವನು ಬರೆದದ್ದೇ ಖರೆ ಆಯಿತಲ್ಲ...

ಮುಂದಿನ ತಾರೀಖಿಗೆ ಕುರ್ಚಿ ಇರಲಿಲ್ಲ. ಬಾಳೇಶ ಈ ಕೇಸು ಬಿಟ್ಟು ತನ್ನೂರು ಹುಕ್ಕೇರಿಯ ಕೋರ್ಟಿಗೆ ಹೋದನೆಂದು ರಾಯಪ್ಪನವರು ಹೇಳಿದರು. ಯಾಕೆಂದು ಅವರಿಗೂ ತಿಳಿದಿರಲಿಲ್ಲ.

ಕೊನೆಗೆ ನೇತ್ರಾ ಸಾಕ್ಷಿಕಟ್ಟೆ ಹತ್ತುವ ದಿನ ಬಂತು. ವಿಮಾ ಕಂಪನಿಯ ವಕೀಲರು ಪಾಟೀಸವಾಲಿಗೆ ಎದ್ದರು.

"ಅಪಘಾತ ಆದಮ್ಯಾಲ ನಿಮ್ಮನ್ನ ಮದುವಿಗೆ ಯಾರರ ಕೇಳ್ಯಾರೇನು?"

"ಇಲ್ರಿ. ಯಾರೂ ಕೇಳಿಲ್ಲ."

"ಮುಂದೂ ನಿಮ್ಮನ್ನ ಯಾರೂ ಮದುವಿ ಆಗೂದಿಲ್ಲ ಅಂತ ಅರ್ಜಿದಾಗ ಬರಸೀರಿ. ಅದು ಸುಳ್ಳು ಅಂದ್ರ ಏನಂತೀರಿ?"

'ಸುಳ್ಳಲ್ರಿ' ಎಂದರೆ ಮುಗಿಯುತ್ತಿತ್ತು. ರಾಯಪ್ಪನವರು ಕಣ್ಣಲ್ಲೇ ಹೇಳು ಹೇಳು ಎನ್ನುತ್ತಿದ್ದರು. ನೇತ್ರಾ ಕಟ್ಟೆಯ ಅಡ್ಡಪಟ್ಟಿಯನ್ನು ಬಿಗಿಯಾಗಿ ಹಿಡಿದಳು. ಮೂಡಲಗಿಯವನು ಬಿಟ್ಟ, ಹುಕ್ಕೇರಿಯವನೂ ಬಿಟ್ಟ. ನನ್ನನ್ನು ನಾನೂ ಬಿಡಲೇ?

"ಸುಳ್ಳ ಐತ್ರಿ."

ಅವಳು ನ್ಯಾಯಾಧೀಶರ ಕಡೆ ತಿರುಗಿದಳು.

"ಕೇಳೂದು ಬಿಡೂದು ಮಂದಿ ಇಚ್ಛಾ ರೀ. ನನ್ನ ಯಾರೂ ಒಲ್ಲೆ ಅಂತಾರ ಅಂತ ನಾನ ಹ್ಯಾಂಗ ಆಣಿ ಮಾಡ್ಲಿ? ಕಾಲು ಮುರದೈತಿ, ಕಾಲಿಂದು ಕೊಡ್ರಿ. ಆ ಮಾತು ಅಷ್ಟು ತಗೀರಿ."

ರಾಯಪ್ಪನವರು ಹಣೆ ಹಿಡಿದುಕೊಂಡರು. ನ್ಯಾಯಾಧೀಶರು ಅವಳನ್ನು ಒಂದು ಕ್ಷಣ ನೋಡಿ, ಹೇಳಿದ್ದನ್ನು ಹಾಗೆಯೇ ಬರೆಸಿದರು.

ಹೊರಗೆ ಬಂದರೆ ವರಾಂಡದಲ್ಲಿ ಬಾಳೇಶ ನಿಂತಿದ್ದ. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಕಣ್ಣುಗಳು ತೇವವಾಗಿದ್ದವು.

"ನೇತ್ರಾ ಅವ್ರ, ಒಂದು ಮಾತು ಕೇಳೂದೈತ್ರಿ."

"ನೀವು ಕೇಳಾಂಗಿಲ್ಲ ಅಂದಿದ್ರಲ್ಲ!"

"ಹೌದ್ರಿ, ಕೇಳೂ ಹಂಗ ಇದ್ದಿದ್ದಿಲ್ಲ. ನಿಮ್ಮ ಸಾಕ್ಷಿ ಮುಗಿಯೂತನಕ ಹ್ಯಾಂಗ ಕೇಳ್ಲಿ? ನಾ ಕೇಳಿದ್ದ ಆದ್ರ, 'ಯಾರರ ಕೇಳ್ಯಾರೇನು' ಅಂದಾಗ ನೀವು ಸುಳ್ಳು ಹೇಳಬೇಕಿತ್ತು. ಇಲ್ಲಾಂದ್ರ ನಿಮ್ಮ ಆಪರೇಷನ್ನಿಗೆ ನಾನ ಕಲ್ಲು ಹಾಕಿದಂಗ ಆಗ್ತಿತ್ತು. ಒಳಗ ಆಸೆ ಇಟ್ಕೊಂಡು, ಯಾರೂ ಬರೂದಿಲ್ಲ ಅಂತ ವಾದ ಮಾಡಾಕ ಮನಸ್ಸ ಒಪ್ಪಲಿಲ್ರಿ. ಅದಕ್ಕ ಕೇಸು ಬಿಟ್ಟೆ."

ನೇತ್ರಾ ನಿಧಾನವಾಗಿ ತಾಯಿಯ ಕಡೆ ತಿರುಗಿದಳು.

"ನನ್ನ ಏನ್ ನೋಡ್ತಿ?" ಎಂದಳು ಶಿವಗಂಗವ್ವ. "ಕೇಳಾಂಗಿಲ್ಲ ಅಂದ್ರ ಕೇಳಾಂಗಿಲ್ಲ ಅಂತ ತಿಳಕೊಂಡೆ. ಇಷ್ಟು ಕಾಯ್ದೆ ನನಗೇನ್ ಗೊತ್ತು?" ಸೆರಗಿನಿಂದ ಕಣ್ಣೊರೆಸಿಕೊಂಡು, ಬಸ್ಸು ನೋಡುವ ನೆವ ಹೇಳಿ ಆಚೆ ಹೋದಳು.

ಇಬ್ಬರೇ ಉಳಿದರು. ನೇತ್ರಾಳಿಗೆ ಅಳುವೂ ಬಂತು, ನಗುವೂ ಬಂತು.

"ಕೇಳ್ರಿ ಈಗ," ಎಂದಳು.

"ನನ್ನ ಮದುವಿ ಆಗ್ತೀರೇನ್ರಿ? ನಿಮ್ಮನ್ನ ಬಿಟ್ಟು ಹುಕ್ಕೇರಿಯಾಗ ಒಂದು ದಿನಾನೂ ನೆಟ್ಟಗ ಉಂಡಿಲ್ಲ."

"ಹೂಂ," ಎಂದಳು.

"ಹಂಗಾದ್ರ ರವಿವಾರ ಅವ್ವ ಅಪ್ಪನ್ನ ಕರ್ಕೊಂಡು ಕಲ್ಲೋಳಿಗೆ ಬರ್ಲೇನ್ರಿ?"

ಅವಳು ತಲೆ ತಗ್ಗಿಸಿದಳು. "ಕನ್ಯಾ ನೋಡಾಕ ಬಂದವ್ರು ನಡದು ತೋರ್ಸು ಅಂತಾರ..."

"ನಮ್ಮವ್ವಗ ಎಲ್ಲಾ ಹೇಳೇನ್ರಿ. ನೀವು ಕುಂತ ಇರ್ರಿ. ಚಾ ನಾ ತರ್ತೇನಿ."

ನೇತ್ರಾ ತಲೆ ಎತ್ತಿ ಅವನ ಕಣ್ಣಲ್ಲಿ ಕಣ್ಣಿಟ್ಟಳು.

"ಬ್ಯಾಡ್ರಿ. ನಾನ ತರ್ತೇನಿ. ಹ್ಯಾಂಗ ನಡೀತೇನೋ ಹಂಗ ನಡೀತೇನಿ. ಎಲ್ಲಾರೂ ಕಣ್ಣತುಂಬ ನೋಡ್ಲಿ."

"ಚಾ ಚೆಲ್ಲಿದ್ರ?"

"ಉಳಿದದ್ದು ಕುಡೀರಿ."

"ಕುಡೀತೇನ್ರಿ," ಎಂದ ಬಾಳೇಶ.