ಅಕ್ಕ ಅಂತ ಬರೆದವಳು

"ಇಲ್ಲಿ ಅಕ್ಕ ಯಾರ್ರೀ?"

ಬಾಗಿಲು ದಬ್ಬಿಕೊಂಡು ಒಳಗೆ ಬಂದವಳ ದನಿಗೆ, ಇಂದಿರಾನಗರದ ಆ ಪುಟ್ಟ ಆಫೀಸಿನಲ್ಲಿದ್ದ ಎಂಟೂ ತಲೆಗಳು ಒಟ್ಟಿಗೆ ಎದ್ದವು. ಮರುಕ್ಷಣವೇ ಏಳು ತಲೆಗಳು ರುದ್ರಾಣಿಯ ಕಡೆ ತಿರುಗಿದವು.

ಪಾಪ, ಅವರದ್ದೇನು ತಪ್ಪು? ಮೂವತ್ತು ತುಂಬುವಷ್ಟರಲ್ಲೇ ದಪ್ಪ ಕನ್ನಡಕ ಹಾಕಿಕೊಂಡು, ಎಲ್ಲರ ಕಾಗುಣಿತ ತಿದ್ದುತ್ತಾ ಕೂರುವ ಅವಳನ್ನು ಆಫೀಸಿನವರು ಕರೆಯುತ್ತಿದ್ದದ್ದೇ 'ರುದ್ರಕ್ಕ' ಅಂತ.

ರುದ್ರಾಣಿ ಎದ್ದು ನಿಂತಳು. "ನಾ... ನಾನೇ. ಏನಾಗ್ಬೇಕಿತ್ತು?"

"ನಿಮ್ಮನ್ನಲ್ಲ ರೀ ಕೇಳಿದ್ದು! ನನ್ನ ಕಥೆಯೊಳಗೆ ಬಂದು ಕೂತಿದಾಳಲ್ಲ, ಆ ಅಕ್ಕ! ಅವಳನ್ನ ಅಲ್ಲಿ ತಂದು ಕೂರಿಸಿದ್ದು ಯಾರು?"

ಮೊಬೈಲು ಟಪ್ ಅಂತ ಮೇಜಿನ ಮೇಲೆ ಬಿತ್ತು. ರುದ್ರಾಣಿ ಬಗ್ಗಿ ನೋಡಿದಳು. ನೋಡುವುದೇನು ಬಂತು! ಆ ಪುಟ ಅವಳಿಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

ಬಂದವಳು ಕಾವೇರಿ. ಹಲಸೂರಿನವಳು. ಈ ಆಫೀಸಿನವರು ನಡೆಸುವ ಕಾಮಿಕ್ಸ್ ಆಪ್‌ಗೆ ಪ್ರತಿ ವಾರ ಒಂದು ಕಂತು ಬರೆದು, ಚಿತ್ರ ಬಿಡಿಸಿ ಕಳಿಸುವವಳು. ಇಷ್ಟು ದಿನ ಇಮೇಲ್‌ನಲ್ಲಿ ಒಂದು ಹೆಸರಾಗಿದ್ದವಳು, ಈಗ ಕೆದರಿದ ಕೂದಲು, ಉಗುರಿಗೆ ಮೆತ್ತಿದ ನೀಲಿ ಪೇಂಟಿನ ಜೊತೆ ಎದುರಿಗೇ ನಿಂತಿದ್ದಳು.

ಅವಳ ಕಥೆಯಲ್ಲಿ ಸುಕನ್ಯ ಅಂತ ಒಬ್ಬ ಬಸ್ ಕಂಡಕ್ಟರ್. ಅಂಜಲಿ ಅಂತ ಒಬ್ಬ ಟೈಲರ್. ಹನ್ನೊಂದು ಕಂತು ದಿನಾ ಒಂದೇ ಬಸ್ಸಿನಲ್ಲಿ ಮುಖ ನೋಡಿಕೊಂಡು ಓಡಾಡಿದ ಮೇಲೆ, ಹನ್ನೆರಡನೇ ಕಂತಿನಲ್ಲಿ ಸುಕನ್ಯ ಅಂಜಲಿಯ ಕೈ ಹಿಡಿದು ಒಂದು ಮಾತು ಹೇಳುತ್ತಾಳೆ.

"ನಾನು ಬರೆದಿದ್ದು, 'ನಂಗೆ ನೀನಂದ್ರೆ ಪ್ರೀತಿ ಕಣೇ' ಅಂತ. ಆಪ್‌ನಲ್ಲಿ ಬಂದಿರೋದು, 'ನಂಗೆ ನೀನಂದ್ರೆ ಪ್ರೀತಿ ಅಕ್ಕಾ' ಅಂತ! ಒಂದೇ ಪದ ರೀ... ಒಂದೇ ಒಂದು ಪದದಲ್ಲಿ ನನ್ನ ಕಥೆ ಮುಗಿಸಿಬಿಟ್ರಿ!"

ಕಾವೇರಿಯ ಕಣ್ಣು ತುಂಬಿತ್ತು. ರುದ್ರಾಣಿ ಕನ್ನಡಕ ತೆಗೆದು ಒರೆಸಿಕೊಂಡಳು.

ಹೇಳಿಬಿಡೇ... ನಾನೇ ಅಂತ ಹೇಳಿಬಿಡೇ... ಅಂದಿತು ಅವಳ ಒಳಮನಸ್ಸು.

"ನಂಗೊತ್ತಿಲ್ಲ ರೀ," ಅಂದುಬಿಟ್ಟಳು, ಪಕ್ಕದವರಿಗೆ ಕೇಳದಷ್ಟು ಮೆಲ್ಲಗೆ. "ಮೇಲಿಂದ ಬಂದಿರ್ಬೇಕು. ಎಡಿಟರ್ ಸಾರ್ ಹೇಳಿ ಮಾಡಿಸಿರ್ತಾರೆ."

"ಎಲ್ಲಿದಾರೆ ಅವ್ರು? ಈಗ್ಲೇ ಕೇಳ್ತೀನಿ!"

"ಬೇಡ ಬೇಡ!" ರುದ್ರಾಣಿ ಅವಳ ತೋಳನ್ನೇ ಹಿಡಿದುಕೊಂಡಳು. "ಕೇಳಿದ್ರೆ ಕಥೆನೇ ನಿಲ್ಲಿಸಿಬಿಡ್ತಾರೆ. ನಾನಿದೀನಲ್ಲ, ಇನ್ಮೇಲೆ ನೋಡ್ಕೋತೀನಿ."

ಕಾವೇರಿ ಆ ಕೈಯನ್ನೂ ಆ ಮುಖವನ್ನೂ ಒಂದು ಗಳಿಗೆ ನೋಡಿದಳು. ಸಿಟ್ಟು ಸರ್ರನೆ ಇಳಿಯಿತು.

"ಸಾರಿ ರೀ. ನಿಮ್ಮ ಮುಖ ನೋಡಿದ್ರೇ ಗೊತ್ತಾಗುತ್ತೆ, ಇದು ನಿಮ್ಮ ಕೆಲಸ ಅಲ್ಲ ಅಂತ."

ಅಯ್ಯೋ ದೇವರೇ! ಅದಕ್ಕಿಂತ ಕಪಾಳಕ್ಕೆ ಬಾರಿಸಿದ್ದರೇ ಚೆನ್ನಾಗಿತ್ತು.

ಯಾಕೆಂದರೆ ನಡೆದದ್ದು ಇಷ್ಟೇ. ಎಡಿಟರ್ ಶಿವಶಂಕರಪ್ಪನವರು ಆ ಕಂತನ್ನು ಓದಿ, "ಚೆನ್ನಾಗಿದೆ, ಹಾಗೇ ಹೋಗ್ಲಿ" ಅಂದಿದ್ದರು. ಯಾರೂ ಏನೂ ತಿದ್ದು ಅಂದಿರಲಿಲ್ಲ. ಬೆಳಿಗ್ಗೆ ಹತ್ತೂವರೆಗೆ, ಕಾಫಿ ಕುಡಿಯುತ್ತಾ ಪುಟ ತೆರೆದ ರುದ್ರಾಣಿಗೆ ಸುಕನ್ಯಳ ಆ ಮಾತು ಓದಿದ ಕೂಡಲೇ ಮೈಯೆಲ್ಲ ಬಿಸಿಯಾಗಿತ್ತು. ಹದಿನಾರನೇ ವಯಸ್ಸಿನಿಂದ ಅವಳು ಯಾರಿಗೂ ಹೇಳದೆ ನುಂಗಿಕೊಂಡು ಬಂದಿದ್ದ ಮಾತು ಅದು. ಅದನ್ನು ಯಾರೋ ಬಣ್ಣ ಹಚ್ಚಿ ಎದುರಿಗಿಟ್ಟಿದ್ದರು. ಪಕ್ಕದಲ್ಲಿ ಕೂತವರು ತನ್ನ ಮುಖ ನೋಡಿ ಎಲ್ಲ ತಿಳಿದುಕೊಳ್ಳುತ್ತಾರೆ ಅನ್ನಿಸಿತು. ಹೆದರಿಕೆಗೆ ಬೆರಳು ತಾನಾಗಿ ಓಡಿತ್ತು. 'ಕಣೇ' ಅಳಿಸಿತ್ತು, 'ಅಕ್ಕಾ' ಅಂತ ಬರೆದಿತ್ತು.

ಆಮೇಲಿನದು ಇನ್ನೂ ಚೆಂದ! ಆಪ್‌ನ ಪ್ರಚಾರದವರು ಆ ಕಂತಿಗೆ 'ಅಕ್ಕ-ತಂಗಿಯರ ಮಮತೆಯ ಕಥೆ' ಅಂತ ಹಣೆಪಟ್ಟಿ ಕಟ್ಟಿ, ರಾಖಿ ಹಬ್ಬದ ದಿನ ಎಲ್ಲರ ಮೊಬೈಲಿಗೂ ಕಳಿಸಿದರು. ನಾನ್ನೂರು ಜನ ಕೆಂಪು ಹೃದಯ ಒತ್ತಿದರು.

* * *

ಕಾವೇರಿ ಮುಂದಿನ ಕಂತುಗಳಿಗೆ ರುದ್ರಾಣಿಯೇ ಜೊತೆಗಿರಬೇಕು ಅಂತ ಹಟ ಹಿಡಿದಳು. ಹಾಗಾಗಿ ಪ್ರತಿ ಶನಿವಾರ ರುದ್ರಾಣಿ ರಾಮಮೂರ್ತಿ ನಗರದ ಮನೆಯಿಂದ ಹಲಸೂರಿಗೆ ಹೊರಡತೊಡಗಿದಳು. ಅಲ್ಲಿ ಕಾವೇರಿಯ ಅಪ್ಪ ಮುನಿಶಾಮಿಯ ಅಂಗಡಿ. ಬೋರ್ಡು ಬರೆಯುವವರು ಅವರು, ನಲವತ್ತು ವರ್ಷದ ಕೈ. ಅಪ್ಪ ಮುಂದೆ ಬೋರ್ಡು ಬರೆದರೆ ಮಗಳು ಹಿಂದೆ ಕಾಮಿಕ್ಸ್ ಬರೆಯುವಳು.

"ವಾಮ್ಮಾ, ಕೂತ್ಕೋ. ಟೀ ಹೇಳ್ಲಾ?" ಅನ್ನುವರು ಮುನಿಶಾಮಿ, ತಮಿಳು ಬೆರೆತ ಕನ್ನಡದಲ್ಲಿ.

ಮೊದಮೊದಲು 'ನೀವು' ಅಂತಿದ್ದ ಕಾವೇರಿ ಮೂರನೇ ಶನಿವಾರಕ್ಕೆ 'ನೀನು' ಅಂದಳು.

"ನಿನ್ನನ್ನ ಏನಂತ ಬೇಕಾದ್ರೂ ಕರೀತೀನಿ. ಅಕ್ಕ ಅಂತ ಮಾತ್ರ ಕರಿಯಲ್ಲ," ಅಂದು ನಕ್ಕಳು.

ರುದ್ರಾಣಿ ಪುಟದಿಂದ ತಲೆ ಎತ್ತಲಿಲ್ಲ. ಖುಷಿಗೋ, ಭಯಕ್ಕೋ?

ಒಂದು ದಿನ ಕಾವೇರಿ ಹೇಳಿದಳು. "ಚಿಕ್ಕವಳಿದ್ದಾಗ ಇದೇ ಬೆಂಚಿನ ಕೆಳಗೆ ಕೂತು ಕಾಮಿಕ್ಸ್ ಓದ್ತಿದ್ದೆ. ನನ್ನಂಥವಳು ಒಬ್ಳಾದ್ರೂ ಸಿಗ್ತಾಳಾ ಅಂತ ಹುಡುಕ್ತಿದ್ದೆ. ಸಿಕ್ಕಿದ್ರೆ ಒಂದೋ ನಗಿಸೋಕೆ, ಇಲ್ಲಾ ಕೊನೇ ಪುಟದಲ್ಲಿ ಸಾಯೋಕೆ. ಅದಕ್ಕೇ ರುದ್ರಾ, ಇವರಿಬ್ರನ್ನ ನಾನು ಸಾಯಿಸಲ್ಲ. ಟಿಕೆಟ್ ಹರೀತಾ, ಬ್ಲೌಸ್ ಹೊಲೀತಾ, ಜಗಳ ಆಡ್ಕೊಂಡು ಬದುಕ್ತಾರೆ. ಅಷ್ಟೇ ನಂಗೆ ಬೇಕಾಗಿರೋದು."

ಅಷ್ಟೇ ಬೇಕಾಗಿದ್ದದ್ದನ್ನು ಕಿತ್ತುಕೊಂಡವಳು ಪಕ್ಕದಲ್ಲೇ ಕೂತು ಟೀ ಕುಡಿಯುತ್ತಿದ್ದಳು.

ಇನ್ನೊಂದು ಸಂಕಟ ಕೇಳಿ. ಕಥೆ ನಿಂತುಹೋದೀತು ಅಂತ ಹೆದರಿದ ಕಾವೇರಿ, ಚಿತ್ರಗಳನ್ನೇ ಬದಲಾಯಿಸತೊಡಗಿದಳು. ಮೊದಲು ಹಿಡಿದುಕೊಂಡಿದ್ದ ಇಬ್ಬರ ಕೈಗಳನ್ನು ಬೇರೆ ಮಾಡಿದಳು. ಮರುವಾರ ಇಬ್ಬರ ಮಧ್ಯೆ ಒಂದು ಹೊಲಿಗೆ ಮೆಷಿನ್ ಬಂತು. ಅದರ ಮರುವಾರ ಸುಕನ್ಯ ಬಸ್ಸಿನ ಹಿಂಬಾಗಿಲಲ್ಲಿ, ಅಂಜಲಿ ಮುಂದಿನ ಸೀಟಿನಲ್ಲಿ.

"ಎಡಿಟರ್ ಸಾರ್‌ಗೆ ಇಷ್ಟು ದೂರ ಸಾಕಾ?" ಅಂತ ಕೇಳಿದಳು.

ರುದ್ರಾಣಿ "ಹ್ಞೂಂ" ಅಂದಳು. ಆ ಬಡಪಾಯಿ ಶಿವಶಂಕರಪ್ಪನವರಿಗೆ ಇದರ ಗಂಧಗಾಳಿಯೂ ಇರಲಿಲ್ಲ. ಪುಟ ಕೊಡಲು ಆಫೀಸಿಗೆ ಬಂದಾಗಲೆಲ್ಲ ಎದುರು ಸಿಕ್ಕ ಅವರು ನಮಸ್ಕಾರ ಅಂದರೆ, ಕಾವೇರಿ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು.

ಇದೆಲ್ಲದರ ನಡುವೆ ಒಂದು ಶನಿವಾರ ಅಂಗಡಿಗೆ ಗಿರಾಕಿಯೊಬ್ಬರು ಬಂದರು. ಅವರು ಕೊಟ್ಟ ಚೀಟಿಯಲ್ಲಿ ಒಂದು ಅಕ್ಷರ ತಪ್ಪಿತ್ತು. ರುದ್ರಾಣಿ ಅಭ್ಯಾಸಬಲದಿಂದ, "ತಿದ್ದಿಬಿಡಿ ಅಂಕಲ್" ಅಂದಳು.

ಮುನಿಶಾಮಿ ಕುಂಚ ಕೆಳಗಿಟ್ಟರು. "ಇಲ್ಲಮ್ಮಾ. ಕೇಳ್ದೆ ಮುಟ್ಟಲ್ಲ. ಬೋರ್ಡು ಅವ್ರದ್ದು, ಹೆಸ್ರು ಅವ್ರದ್ದು. ನಂದು ಕೈ ಮಾತ್ರ." ಆಮೇಲೆ ಗಿರಾಕಿಯನ್ನು ಕೂಗಿ ಕರೆದು, ಕೇಳಿ, ಅವರು ಹ್ಞೂಂ ಅಂದ ಮೇಲೆಯೇ ತಿದ್ದಿದರು.

ಆ ಹೊತ್ತು ರುದ್ರಾಣಿಗೆ ಅಲ್ಲಿ ಕೂರಲು ಆಗಲಿಲ್ಲ. ತಲೆನೋವು ಅಂತ ಸುಳ್ಳು ಹೇಳಿ ಎದ್ದು ಹೊರಟಳು.

ಬಸ್ಸಿನಲ್ಲಿ ಕೂತು ಮೊಬೈಲು ತೆಗೆದಳು. ಹನ್ನೆರಡನೇ ಕಂತಿನ ಕೆಳಗೆ ಹೊಸದೊಂದು ಕಾಮೆಂಟು ಬಂದಿತ್ತು. ಕೆ.ಆರ್. ಪುರದ ಯಾರೋ ಹುಡುಗಿ.

'ಇದು ನನ್ನ ಕಥೆ ಅಂದ್ಕೊಂಡು ಹನ್ನೊಂದು ಕಂತು ಓದಿದ್ದೆ. ಅಕ್ಕ ಅಂತೆ. ಪರವಾಗಿಲ್ಲ. ತಪ್ಪು ನಂದೇ, ಆಸೆ ಪಟ್ಟಿದ್ದು.'

ರುದ್ರಾಣಿ ಅದನ್ನು ಎಷ್ಟು ಸಲ ಓದಿದಳೋ! ತಪ್ಪು ನಂದೇ ಅಂತೆ. ಆ ಮಗು ಯಾರದೋ ತಪ್ಪನ್ನು ತನ್ನ ತಲೆ ಮೇಲೆ ಹಾಕಿಕೊಂಡಿತ್ತು. ಕಣ್ಣೀರು ತಡೆಯಲಾಗಲಿಲ್ಲ. ಪಕ್ಕದ ಸೀಟಿನ ಹೆಂಗಸು, "ಯಾಕಮ್ಮಾ, ಹುಷಾರಿಲ್ವಾ?" ಅಂತ ಕೇಳಿದರು.

* * *

ಮುಂದಿನ ಶನಿವಾರ ಹೇಳಲೇಬೇಕು ಅಂತ ಹೋದಳು. ಆದರೆ ಕಾವೇರಿಯೇ ಮೊದಲು ಬಾಯಿ ತೆರೆದಳು.

"ರುದ್ರಾ, ಕೆಲಸದ ವಿಷಯ ಅಲ್ಲ. ನಂಗೆ... ನಂಗೆ ನೀನಂದ್ರೆ ಇಷ್ಟ. ಸುಕನ್ಯಂಗೆ ಅಂಜಲಿ ಇಷ್ಟ ಅಲ್ವಾ, ಹಾಗೆ. ನಿಂಗೆ ಹಾಗಿಲ್ದಿದ್ರೆ ಹೇಳ್ಬಿಡು, ಬೇಜಾರಿಲ್ಲ."

ಹದಿನಾಲ್ಕು ವರ್ಷದಿಂದ ಕಾದ ಮಾತು! ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬಂದು ನಿಂತಿತ್ತು. ಹ್ಞೂಂ ಅಂದರೆ ಸಾಕಿತ್ತು.

"ಕಾವೇರಿ, ಅಕ್ಕ ಅಂತ ಬರೆದವಳು ನಾನೇ."

"ಏನು?"

"ಎಡಿಟರ್ ಸಾರ್ ಏನೂ ಹೇಳಿರ್ಲಿಲ್ಲ. ಅವ್ರು ಹಾಗೇ ಹೋಗ್ಲಿ ಅಂದಿದ್ರು. ನಾನೇ ಅಳಿಸ್ದೆ. ನಾನೇ ಸುಳ್ಳು ಹೇಳ್ದೆ. ಮೂರು ತಿಂಗಳಿಂದ ಹೇಳ್ತಾನೇ ಇದೀನಿ."

ಕಾವೇರಿ ಕೂಗಾಡಲಿಲ್ಲ. ಮೇಜಿನ ಮೇಲೆ ಹರಡಿದ್ದ ಪುಟಗಳನ್ನು ಒಂದೊಂದಾಗಿ ನೋಡಿದಳು. ಕೈ ಬೇರೆ ಮಾಡಿದ ಪುಟ, ಮೆಷಿನ್ ತಂದಿಟ್ಟ ಪುಟ, ಬಸ್ಸಿನ ಪುಟ.

"ಯಾಕೆ?"

"ಓದಿದ ತಕ್ಷಣ ಇದು ನಾನೇ ಅಂತ ಗೊತ್ತಾಗ್ಬಿಡ್ತು. ಬೇರೆಯವ್ರಿಗೂ ಗೊತ್ತಾಗುತ್ತೆ ಅಂತ ಭಯ ಆಯ್ತು..."

"ಹೊರಗಿನವ್ರು ಯಾರೋ ಅಳಿಸಿದ್ರು ಅಂದ್ಕೊಂಡು ಇಷ್ಟು ದಿನ ಸಿಟ್ಟು ಮಾಡ್ಕೊಂಡೆ." ಅವಳು ಪುಟಗಳನ್ನು ಒಟ್ಟುಗೂಡಿಸಿದಳು. "ನಮ್ಮವಳೇ ಅಳಿಸಿದಾಳೆ. ಅವ್ರ ಮೇಲಿನ ಸಿಟ್ಟು ಸುಲಭ ಇತ್ತು ರುದ್ರಾ. ಈಗ ಹೊರಡು."

ರುದ್ರಾಣಿ ಹೊರಟಳು. ಮುನಿಶಾಮಿ ಟೀ ತರಿಸಿಟ್ಟಿದ್ದರು. ಅದು ಹಾಗೇ ಉಳಿಯಿತು.

* * *

ಸೋಮವಾರ ಶಿವಶಂಕರಪ್ಪನವರ ಮುಂದೆ ನಿಂತು ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಅದಕ್ಕೇನಾ ಆ ಹುಡುಗಿ ನನ್ನ ಕಂಡ್ರೆ ಹಾಗೆ ಮುಖ ತಿರುಗಿಸ್ತಿದ್ದಿದ್ದು! ನಾನು ನನ್ನ ಶರ್ಟೇ ಸರಿ ಇಲ್ವೇನೋ ಅಂದ್ಕೊಳ್ತಿದ್ನಲ್ರೀ!"

"ತಪ್ಪಾಯ್ತು ಸಾರ್."

"ಮಾಡಿದ್ದು ದೊಡ್ಡ ತಪ್ಪೇ. ಪುಟ ಇವತ್ತೇ ಸರಿಮಾಡಿ, ಆ ಮಮತೆ-ಗಿಮತೆ ಪಟ್ಟಿ ಕಿತ್ತು ಹಾಕಿ. ತಾಂತ್ರಿಕ ದೋಷ ಅಂತ ಒಂದು ಸಾಲು ಹಾಕೋಣ, ನಿಮ್ಮ ಹೆಸರು ಯಾಕೆ?"

"ಇದು ತಾಂತ್ರಿಕ ದೋಷ ಅಲ್ಲ ಸಾರ್. ನಂದು."

ಅವರು ಕನ್ನಡಕ ಮತ್ತೆ ಹಾಕಿಕೊಂಡು, ಆಗಲಿ ಅಂತ ತಲೆಯಾಡಿಸಿದರು. ಮಧ್ಯಾಹ್ನದ ಹೊತ್ತಿಗೆ ಹನ್ನೆರಡನೇ ಕಂತಿನ ತಲೆಯ ಮೇಲೆ ಈ ಸಾಲುಗಳು ಬಂದವು:

'ಕಥೆಗಾರ್ತಿ ಇಲ್ಲಿ ಬರೆದಿದ್ದದ್ದು ಇಬ್ಬರು ಹೆಂಗಸರ ಪ್ರೀತಿಯನ್ನು. ಅವರನ್ನು ಕೇಳದೆ ಒಂದು ಪದ ಬದಲಾಯಿಸಿದವಳು ನಾನು. ಆ ಮಾತು ನನ್ನ ಮನಸ್ಸಿನದೂ ಆಗಿತ್ತು, ಅದಕ್ಕೇ ಹೆದರಿದೆ. ಕಥೆಗಾರ್ತಿಗೂ, ತಮ್ಮದೇ ಕಥೆ ಅಂತ ಆಸೆಯಿಂದ ಓದಿದವರಿಗೂ ನೋವು ಕೊಟ್ಟೆ. ಆಸೆ ಪಟ್ಟದ್ದು ನಿಮ್ಮ ತಪ್ಪಲ್ಲ. ತಪ್ಪು ನನ್ನದು. - ರುದ್ರಾಣಿ'

ಸಂಜೆಯೊಳಗೆ ಹುಟ್ಟೂರು ದಾವಣಗೆರೆಯ ನೆಂಟರಿಷ್ಟರ ಮೊಬೈಲುಗಳನ್ನೆಲ್ಲ ಸುತ್ತಿ, ಅದು ರಾಮಮೂರ್ತಿ ನಗರದ ಮನೆಯಲ್ಲಿ ಅವ್ವನ ಕೈಗೂ ಬಂತು.

"ಎಲ್ರೂ ಓದ್ತಾರಲ್ಲವ್ವಾ..." ಅಂದಳು ಅವ್ವ.

"ಓದ್ಲಿ ಅಂತಾನೇ ಬರೆದೆ ಅವ್ವಾ."

ಅವ್ವ ಎದ್ದು ಒಳಗೆ ಹೋದಳು. ಮೂರು ದಿನ ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ರೊಟ್ಟಿ ಡಬ್ಬಿ ಮಾತ್ರ ಎಂದಿನಂತೆ ಮೇಜಿನ ಮೇಲಿರುತ್ತಿತ್ತು. ಅದನ್ನು ನೋಡಿಯೇ ರುದ್ರಾಣಿಗೆ ಅಳು ಬರುತ್ತಿತ್ತು.

* * *

ಗುರುವಾರ ಸಂಜೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ ಇಳಿದಳು. ಇಲ್ಲಿಂದ ಮನೆ ಕಡೆಯ ಬಸ್ ಹಿಡಿಯಬೇಕು. ನೂಕುನುಗ್ಗಲು, ಹಾರ್ನು, ಧೂಳು. ಆ ಜನದ ನಡುವೆ ಕಾವೇರಿ ನಿಂತಿದ್ದಳು.

ರುದ್ರಾಣಿ ಜನರನ್ನು ಸರಿಸಿಕೊಂಡು ಹತ್ತಿರ ಹೋದಳು.

"ನಿಮ್ಮ ಆಫೀಸಿಗೆ ಹೋಗಿದ್ದೆ," ಅಂದಳು ಕಾವೇರಿ, ಎಲ್ಲೋ ನೋಡುತ್ತಾ. "ನೀನು ಆಗಷ್ಟೇ ಹೊರಟಿದ್ದೆ, ಮೆಟ್ರೋ ಹಿಡಿದು ನಿನ್ನ ಬಸ್ಸಿಗಿಂತ ಮುಂಚೆ ಬಂದು ನಿಂತೆ. ಶಿವಶಂಕರಪ್ಪ ಸಾರ್‌ಗೆ ಕೈ ಮುಗಿದು ಬಂದೆ. ಮೂರು ತಿಂಗಳ ನಮಸ್ಕಾರ, ಒಟ್ಟಿಗೆ."

"ಅವ್ರು ಏನಂದ್ರು?"

"ಶರ್ಟು ಚೆನ್ನಾಗಿದ್ಯಾ ಅಂತ ಕೇಳಿದ್ರು."

ನಗು ಬಂತು ಇಬ್ಬರಿಗೂ. ನಗುತ್ತಲೇ ರುದ್ರಾಣಿಯ ಕಣ್ಣು ತುಂಬಿತು.

"ಕಾವೇರಿ, ಅವತ್ತು ನೀನು ಕೇಳಿದ್ದಕ್ಕೆ ಉತ್ತರ ಕೊಡ್ಲಿಲ್ಲ ನಾನು. ಕೊಡೋ ಯೋಗ್ಯತೆ ಇರ್ಲಿಲ್ಲ. ಈಗ್ಲೂ ಇದೆಯೋ ಇಲ್ವೋ ಗೊತ್ತಿಲ್ಲ. ಆದ್ರೂ ಹೇಳ್ತೀನಿ... ನಾನು ನಿನ್ನ ಪ್ರೀತಿಸ್ತೀನಿ. ನೀನು ಆಫೀಸಿಗೆ ಬಂದು ಬೈದ ದಿನದಿಂದ."

ಪಕ್ಕದಲ್ಲಿ ನಿಂತ ಇಬ್ಬರು ತಿರುಗಿ ನೋಡಿದರು. ರುದ್ರಾಣಿ ದನಿ ತಗ್ಗಿಸಲಿಲ್ಲ.

ಕಾವೇರಿ ಈಗ ಅವಳ ಕಡೆ ತಿರುಗಿದಳು. "ನಾನಿನ್ನೂ ಕ್ಷಮಿಸಿಲ್ಲ ನಿನ್ನ. ಮನೇಲಿ ಕೂತು ಅಳ್ತೀನಿ, ಆಮೇಲೆ ಸಿಟ್ಟು ಬರುತ್ತೆ. ಆ ಮೂರು ತಿಂಗಳ ಪುಟಗಳನ್ನ ಮತ್ತೆ ಬಿಡಿಸ್ಬೇಕು ನಾನು."

"ಗೊತ್ತು. ನಾನು ಪಕ್ಕದಲ್ಲಿ ಕೂರ್ಲಾ? ಏನೂ ಮುಟ್ಟಲ್ಲ."

"ಸಿಟ್ಟು ಹೋಗೋಕೆ ತುಂಬಾ ದಿನ ಆಗುತ್ತೆ ರುದ್ರಾ."

"ಆಗ್ಲಿ. ಅಲ್ಲೀವರೆಗೂ ಬೈಸ್ಕೋತೀನಿ."

"ಹೋದ್ಮೇಲೆ?"

"ಆಮೇಲೂ ಇರ್ತೀನಿ."

ಬಸ್ ಬಂತು. ಜನ ನುಗ್ಗಿದರು. ಕಾವೇರಿ ನೀಲಿ ಪೇಂಟಿನ ಕೈಯಲ್ಲಿ ರುದ್ರಾಣಿಯ ಮಣಿಕಟ್ಟು ಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

"ಇದು ಬೇಡ. ಮುಂದಿನದರಲ್ಲಿ ಹೋಗು."